ಕಿಸೆಯಲ್ಲಿ ಉಳಿದ ಕಡಾಣಿ

ಸಿದ್ದಪ್ಪನ ಚಹಾದಂಗಡಿಗೆ ರೇಡಿಯೋ ಬಂದ ದಿನದಿಂದ ಹೊಸೂರ ರಸ್ತೆಯಲ್ಲಿ ಯಾರ ಕೆಲಸವೂ ಪೂರ್ತಿ ಆಗುತ್ತಿರಲಿಲ್ಲ.

ಜರ್ಮನ್ ಯುದ್ಧ ಶುರುವಾಗಿ ಎರಡನೆಯ ವರ್ಷ ನಡೆದಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯ ಬದಿಗೆ ಸಿದ್ದಪ್ಪನ ಅಂಗಡಿ. ಅವನು ಮುಂಬಯಿಯಿಂದ ಆ ಪೆಟ್ಟಿಗೆ ತರಿಸಿ, ಎತ್ತರದ ಹಲಗೆಯ ಮೇಲಿಟ್ಟು, ಹೂಮಾಲೆ ಹಾಕಿ, ಊದಿನಕಡ್ಡಿ ಹಚ್ಚಿದ್ದ. ಗುಂಡಿ ತಿರುವಿದರೆ ಸಾಕು, ಏಳು ಸಮುದ್ರದಾಚೆಯ ಸುದ್ದಿ ಅಂಗಡಿಯೊಳಗೆ ಬಂದು ಕೂಡುತ್ತಿತ್ತು. ಓಣಿಗೆ ಓಣಿಯೇ ಹುಚ್ಚಾಯಿತು. ಕ್ಷೌರಿಕ ಕತ್ತಿ ಬಿಟ್ಟು ಓಡಿಬಂದರೆ, ಅರ್ಧ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡ ಗಿರಾಕಿಯೂ ಅವನ ಹಿಂದೆಯೇ ಬಂದು ನಿಲ್ಲುತ್ತಿದ್ದ. ದರ್ಜಿ ಹೊಲಿದ ಅಂಗಿಗೆ ಒಂದು ತೋಳು ಗಿಡ್ಡ, ಒಂದು ಉದ್ದ. ಉಪ್ಪು ತರಲು ಹೋದವರು ಸುದ್ದಿ ಹೊತ್ತುಕೊಂಡು ಮನೆಗೆ ಬರುತ್ತಿದ್ದರು, ಉಪ್ಪು ಅಂಗಡಿಯಲ್ಲೇ.

ಎಲ್ಲರಿಗಿಂತ ಹೆಚ್ಚು ಹುಚ್ಚು ಹಿಡಿದದ್ದು ಇಮಾಮಹುಸೇನನಿಗೆ. ಚಹಾದಂಗಡಿಯ ಎದುರಿಗೇ ಅವನ ದುರಸ್ತಿ ಅಂಗಡಿ. ಟಾಂಗಾ, ಚಕ್ಕಡಿ, ಸೈಕಲ್ಲು ಯಾವುದೇ ಇರಲಿ, ಗಾಲಿ ಇದ್ದದ್ದೆಲ್ಲ ಅವನ ಕೈಗೆ ಬರಬೇಕು. ಜನ ಅವನನ್ನು ಉಸ್ತಾದ್ ಎಂದು ಕರೆಯುತ್ತಿದ್ದರು, ಆ ಹೆಸರಿಗೆ ಅವನು ತಕ್ಕವನೂ ಆಗಿದ್ದ. ಗಾಲಿ ಉರುಳುವ ಸಪ್ಪಳ ಕೇಳಿಯೇ ಯಾವ ಅರ ಸಡಿಲಾಗಿದೆಯೆಂದು ಹೇಳುತ್ತಿದ್ದ. ಆದರೆ ರೇಡಿಯೋ ಬಂದ ಮೇಲೆ ಅವನ ಕಿವಿ ರಸ್ತೆಯ ಆಚೆ ದಡದಲ್ಲಿ, ಕೈ ಮಾತ್ರ ಈಚೆ ದಡದಲ್ಲಿ. ಒಂದು ಸಲ ಗಿರಾಕಿಯ ಸೈಕಲ್ಲಿನ ಟ್ಯೂಬಿಗೆ ತೇಪೆ ಹಚ್ಚುವುದನ್ನೇ ಮರೆತು ಗಾಳಿ ತುಂಬಿಕೊಟ್ಟ. ಇನ್ನೊಂದು ಸಲ ಹ್ಯಾಂಡಲನ್ನು ಓರೆಯಾಗಿ ಬಿಗಿದ. ಆ ಮನುಷ್ಯ ಕೇಶ್ವಾಪುರಕ್ಕೆ ಹೊರಟವನು ಗಟಾರಿಗೆ ಹೋದ. ಹೆಂಡತಿ ರಾಜಬಿ ಬೈದಳು, ಕೈಮುಗಿದಳು, ಕೊನೆಗೆ ಸುಮ್ಮನಾದಳು. ಇಮಾಮಹುಸೇನ ನಕ್ಕು, ಲೋಕವೇ ತಲೆಕೆಳಗಾಗುವಾಗ ಒಂದು ಹ್ಯಾಂಡಲ್ ಓರೆಯಾದರೇನು ಎನ್ನುತ್ತಿದ್ದ.

ಆ ದಾರಿಯಲ್ಲಿ ದಿನವೂ ಓಡಾಡುವವರು ನರ್ಸ್ ಅಂಬಾಬಾಯಿ. ಐವತ್ತರ ಹತ್ತಿರದ ಹೆಂಗಸು, ಬಿಳಿ ಸೀರೆ, ಕೈಯಲ್ಲಿ ಕರೇ ಚರ್ಮದ ಚೀಲ. ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಬೀರಪ್ಪನ ಟಾಂಗಾದಲ್ಲಿ ಹೋಗುತ್ತಿದ್ದರು. ಸುತ್ತಿನ ಊರುಗಳಲ್ಲಿ ಅವರ ಕೈಯಿಂದ ಭೂಮಿಗೆ ಬಂದ ಮಕ್ಕಳ ಲೆಕ್ಕ ಅವರಿಗೇ ಇರಲಿಲ್ಲ. ಇಮಾಮಹುಸೇನನ ಇಬ್ಬರು ಮಕ್ಕಳೂ ಆ ಲೆಕ್ಕದಲ್ಲೇ ಸೇರಿದವರು.

ಒಂದು ದಿನ ಟಾಂಗಾಕ್ಕಾಗಿ ಕಾಯುತ್ತ ಅಂಬಾಬಾಯಿ ಅಂಗಡಿಯ ಮುಂದೆ ಕುಳಿತಿದ್ದರು. ಇಮಾಮಹುಸೇನ ಒಂದು ಕಣ್ಣು ಗಾಲಿಯ ಮೇಲೆ, ಒಂದು ಕಣ್ಣು ಚಹಾದಂಗಡಿಯ ಮೇಲೆ ಇಟ್ಟು ಕೆಲಸ ನಡೆಸಿದ್ದ. ಅವರು ಸ್ವಲ್ಪ ಹೊತ್ತು ನೋಡಿ, ಒಂದು ಕೆಲಸಕ್ಕೆ ಪೂರ್ತಿ ಲಕ್ಷ್ಯ ಕೊಡಬಾರದೇ ಎಂದು ಕೇಳಿದರು.

"ಬಾಯಾರ, ಕೆಲಸ ಕೈಯಿಂದ ಮಾಡತೇನಿ, ಸುದ್ದಿ ಕಿವಿಯಿಂದ ಕೇಳತೇನಿ," ಎಂದ ಇಮಾಮಹುಸೇನ. "ಕೈಗೂ ಕಿವಿಗೂ ಏನ್ ಜಗಳ ಐತ್ರಿ?"

"ಜಗಳ ಇಲ್ಲ ಹುಸೇನಭಾಯಿ. ಆದ್ರ ಎರಡಕ್ಕೂ ಯಜಮಾನ ಒಬ್ಬನ ಇದ್ದಾನ. ಅಂವ ಕಿವ್ಯಾಗ ಹೋಗಿ ಕುಂತ್ರ ಕೈಯಾಗ ಯಾರು ಇರತಾರ?"

ಇಮಾಮಹುಸೇನ ಒಪ್ಪಲಿಲ್ಲ. ಹಾಗಾದರೆ ಪರೀಕ್ಷೆಯೇ ಆಗಲಿ ಎಂದರು ಅಂಬಾಬಾಯಿ. ಅವನ ಮುಂದಿದ್ದ ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿಗಳನ್ನು ಎಣಿಸಲು ಹೇಳಿದರು. ಸಿದ್ದಪ್ಪ ಆಚೆಯಿಂದ ವೃತ್ತಪತ್ರಿಕೆ ಹಿಡಿದು ಗಟ್ಟಿಯಾಗಿ ಓದಬೇಕು, ಇವನು ಕೇಳುತ್ತಲೇ ಎಣಿಸಬೇಕು. ಹಿಂದಿನ ಗಾಲಿಗೆ ನಲವತ್ತು ಕಡ್ಡಿ ಇರುವುದು ಸುತ್ತ ನೆರೆದವರಿಗೆಲ್ಲ ಗೊತ್ತಿತ್ತು. ಇಮಾಮಹುಸೇನನ ಕೈಗೆ ಮೊದಲ ಸಲ ಮೂವತ್ತೇಳು ಸಿಕ್ಕವು. ಎರಡನೆಯ ಸಲ ನಲವತ್ತಮೂರು. ಸಿದ್ದಪ್ಪ ಏನು ಓದಿದ ಎಂದು ಕೇಳಿದರೆ ಅದೂ ಅರ್ಧಂಬರ್ಧ. ಜನ ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ, ಆದರೆ ಒಳಗೊಳಗೆ ಮುನಿಸಿಕೊಂಡ. ತನ್ನ ಕಸುಬನ್ನು ತನಗೇ ಕಲಿಸಬೇಕೆ? ಲೋಕದ ಖಬರ್ ಇಟ್ಟುಕೊಂಡವನೇ ಶಾಣ್ಯಾ ಎಂದು ಗೊಣಗಿದ.

ಅಂಬಾಬಾಯಿ ಟಾಂಗಾ ಹತ್ತುತ್ತ ಒಂದೇ ಮಾತು ಹೇಳಿದರು. "ಲೋಕದ ಖಬರ್ ಇರಲಿ. ಕೈಯಾಗಿನ ಕೆಲಸದ ಖಬರ್ ಇಲ್ಲದಾಂವಗ ನಮ್ಮ ಕಡೆ ಏನಂತಾರ, ನಿನಗ ಗೊತ್ತದ."

ಖಬರಗೇಡಿ. ಆ ಶಬ್ದ ಅವರು ಆಡಲಿಲ್ಲ, ಅವನಿಗೆ ಕೇಳಿಸಿತು. ಆದರೂ ಅಂದಿನ ಸಂಜೆಯ ಸುದ್ದಿಗೆ ಅವನೇ ಮೊದಲು ಹೋಗಿ ಕುಳಿತ.

ಇದಾಗಿ ಎಂಟು ದಿನ. ಮುಂಜಾನೆ ಬೀರಪ್ಪ ಟಾಂಗಾ ಹೊಡೆದುಕೊಂಡು ಬಂದ. ಗಾಲಿ ಕಿರುಗುಟ್ಟುತ್ತಿದ್ದವು, ಎಣ್ಣೆ ಹಾಕಬೇಕಿತ್ತು. ಇಮಾಮಹುಸೇನ ಅಚ್ಚಿನ ಕೆಳಗೆ ಕಟ್ಟಿಗೆಯ ಆನಿಕೆ ಕೊಟ್ಟು ಬಲಗಾಲಿ ಬಿಚ್ಚಿದ, ಎಣ್ಣೆ ಸವರಿದ, ಮತ್ತೆ ಏರಿಸಿದ, ಕಡಾಣಿ ಬಡಿದ. ಕಡಾಣಿ ಎಂದರೆ ಗಾಲಿಯು ಅಚ್ಚಿನಿಂದ ಹೊರಗೆ ಜಾರದಂತೆ ತುದಿಗೆ ಹಾಕುವ ಬೆರಳುದ್ದದ ಕಬ್ಬಿಣದ ಕೀಲು. ಅದಿಲ್ಲದಿದ್ದರೆ ಗಾಲಿಯನ್ನು ಹಿಡಿದಿಡುವುದು ಏನೂ ಇಲ್ಲ. ಆಮೇಲೆ ಎಡಗಾಲಿಗೆ ಬಂದ. ಅದರ ಕಡಾಣಿ ಮಣ್ಣಿನಲ್ಲಿ ಬಿದ್ದು ಕಳೆದೀತೆಂದು ಕಿಸೆಗೆ ಹಾಕಿಕೊಂಡ. ಎಣ್ಣೆ ಸವರಿ, ಗಾಲಿಯನ್ನು ಅಚ್ಚಿಗೆ ಏರಿಸಿದ.

ಆಗ ಚಹಾದಂಗಡಿಯಿಂದ ಹೋ ಎಂಬ ಗದ್ದಲ ಎದ್ದಿತು. ದೊಡ್ಡ ಸುದ್ದಿ ಬಂದಿತ್ತು! ಆಫ್ರಿಕಾದ ಮರಳುಗಾಡಿನಲ್ಲಿ ಯಾವುದೋ ಊರು ಬಿದ್ದಿತಂತೆ, ಸಾವಿರಾರು ಸಿಪಾಯಿಗಳು ಸೆರೆಯಾದರಂತೆ. ಇಮಾಮಹುಸೇನನ ಎದೆ ಜಿಗಿಯಿತು. ಆನಿಕೆ ಎಳೆದು ಬದಿಗೆ ಒಗೆದು, ಎಣ್ಣೆಯ ಕೈಯಲ್ಲೇ ರಸ್ತೆ ದಾಟಿದ. ಸಿದ್ದಪ್ಪನ ಮೆಟ್ಟಿಲ ಮೇಲೆ ಜನ ಒಬ್ಬರ ಹೆಗಲ ಮೇಲೊಬ್ಬರು. ಅವನು ಕತ್ತು ಚಾಚಿ ನಿಂತ. ಹಿಂದಿನಿಂದ ಬೀರಪ್ಪ ಕೂಗಿದ್ದು ಅವನ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. "ಆತೇನ್ರಿ ಉಸ್ತಾದ್? ಹೋಗಲೇನು?"

ಇಮಾಮಹುಸೇನ ಹಿಂದಿರುಗಿ ನೋಡಲಿಲ್ಲ. ಕೈ ಮೇಲೆತ್ತಿ, ಆಯಿತು ಹೋಗು ಎಂಬಂತೆ ಬೀಸಿದ.

ಕಾಲು ತಾಸಿನ ಮೇಲೆ ಅವನು ಮರಳಿ ಬಂದಾಗ ಮೈಯೆಲ್ಲ ಉಮೇದಿ. ರಾಜಬಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸುದ್ದಿ ಹೇಳಬೇಕೆಂದು ಬಾಯಿ ತೆರೆದ, ಅವಳೇ ಮೊದಲು ಹೇಳಿದಳು. ಸತ್ತೂರಿನ ಮುರುಗೆಪ್ಪ ಅವಸರದಲ್ಲಿ ಬಂದಿದ್ದನಂತೆ. ಅವನ ಹೆಂಡತಿ ಗೌರಕ್ಕನಿಗೆ ನಸುಕಿನಿಂದ ಹೆರಿಗೆಯ ಬ್ಯಾನಿ. ಹೋದ ವರ್ಷ ಹೊತ್ತಿಗೆ ಸರಿಯಾಗಿ ಯಾರೂ ಸಿಗದೆ ಕೂಸು ಉಳಿದಿರಲಿಲ್ಲ. ಈ ಸಲ ಅಂಬಾಬಾಯಿಯವರನ್ನು ಕರೆದುಕೊಂಡು, ಬೀರಪ್ಪನ ಟಾಂಗಾದಲ್ಲಿ ಕುದುರೆಯನ್ನು ಓಡಿಸಿಕೊಂಡೇ ಹೋದರು ಎಂದಳು.

ಒಳ್ಳೆಯದಾಯಿತು ಎಂದು ಇಮಾಮಹುಸೇನ ಬೀಡಿಗಾಗಿ ಕಿಸೆಗೆ ಕೈ ಹಾಕಿದ. ಬೆರಳಿಗೆ ತಣ್ಣಗಿನ ಕಬ್ಬಿಣ ತಾಗಿತು.

ಒಂದು ಗಳಿಗೆ ಅವನಿಗೆ ರಸ್ತೆ ಕಾಣಲಿಲ್ಲ, ಜನ ಕಾಣಲಿಲ್ಲ. ಕಡಾಣಿ ಅಂಗೈಯಲ್ಲಿತ್ತು. ರಾಜಬಿ ಅದನ್ನು ನೋಡಿದಳು, ಅವನ ಮುಖ ನೋಡಿದಳು. ಗಾಲಿ ಸುಧಾರಿಸುವವನ ಹೆಂಡತಿಗೆ ಬಿಡಿಸಿ ಹೇಳುವುದು ಏನಿತ್ತು? ಬಾಡಿಗೆಯ ಸೈಕಲ್ಲುಗಳಲ್ಲಿ ಒಂದನ್ನು ಅವಳೇ ಎಳೆದು ಅವನ ಕೈಗೆ ಕೊಟ್ಟಳು.

ಇಮಾಮಹುಸೇನ ಹಾರಿದ. ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಹೊಸೂರು ಹಿಂದೆ ಬಿತ್ತು. ಎದುರುಗಾಳಿ ಎದೆಗೆ ಗುದ್ದುತ್ತಿತ್ತು. ಕಣ್ಣು ಮಾತ್ರ ನೆಲ ಬಿಡಲಿಲ್ಲ. ರಸ್ತೆಯ ಧೂಳಿನಲ್ಲಿ ಟಾಂಗಾದ ಎರಡು ಗಾಲಿಯ ಗೆರೆಗಳು ಹೊಸದಾಗಿ ಬಿದ್ದಿದ್ದವು. ಇನ್ನೂ ಎರಡೂ ನೆಟ್ಟಗಿದ್ದವು. ಗಾಲಿ ಇನ್ನೂ ಅಚ್ಚಿನೊಳಗಿದೆ, ಇನ್ನೂ ಹೊತ್ತಿದೆ!

ಉಣಕಲ್ ಕೆರೆಯ ಏರಿಯ ಮೇಲೆ ಪೇಟೆಗೆ ಹೊರಟ ಒಂದು ಗುಂಪು ಎದುರಾಯಿತು. ಎಲ್ಲರೂ ಅವನ ಸುದ್ದಿಯ ಗೆಳೆಯರೇ. ಇವತ್ತೇನು ಸುದ್ದಿ ಉಸ್ತಾದ್, ಯಾವ ಊರಾದರೂ ಬಿತ್ತೇನು, ಹೇಳಿ ಹೋಗು ಎಂದು ಕೈ ಅಡ್ಡ ಹಿಡಿದರು. ಇಮಾಮಹುಸೇನ ಬೆಲ್ಲು ಬಾರಿಸುತ್ತ ನಡುವೆ ನುಗ್ಗಿ ಹೋದ. ಬಿದ್ದ ಊರಿನ ಹೆಸರು ಅವನಿಗೆ ಆಗಲೇ ಮರೆತಿತ್ತು. ಏರಿ ದಾಟಿದ ಮೇಲೆ ಎಡಗಡೆಯ ಗೆರೆ ಅಲ್ಲಲ್ಲಿ ನಡುಗಿದಂತೆ ಕಂಡಿತು. ಮುಂದೆ ಒಂದು ಫರ್ಲಾಂಗಿಗೆ ಅದು ಹಾವು ಹರಿದ ಹಾಗೆ ಓಲಾಡಿತ್ತು. ಗಾಲಿ ಹೊರಗೆ ಸರಿಯತೊಡಗಿತ್ತು.

ಭೈರಿದೇವರಕೊಪ್ಪದ ಬಾವಿಯ ಹತ್ತಿರ ನೀರು ಸೇದುತ್ತಿದ್ದ ಮುದುಕ, ಟಾಂಗಾ ಇಲ್ಲಿ ಕುದುರೆಗೆ ನೀರು ಕುಡಿಸಿ ಈಗಷ್ಟೇ ಹೋಯಿತು ಎಂದ. ಆ ಮಾತಿಗೆ ಕಾಲಿಗೆ ಹೊಸ ಕಸುವು ಬಂತು. ಅಮರಗೋಳದ ದಾರಿಯ ತಿರುವು ಕಳೆಯಿತು. ಉಸಿರು ಗಂಟಲಲ್ಲಿ ಉರಿಯುತ್ತಿತ್ತು. ದಿಬ್ಬ ಏರಿ ನೋಡಿದ. ಟಾಂಗಾ!

ಎರಡು ನೂರು ಮಾರು ಮುಂದೆ ಅದು ಓಡುತ್ತಿತ್ತು. ಅಲ್ಲಿಂದ ಮುಂದೆ ಹಳ್ಳಕ್ಕೆ ಇಳಿಜಾರು, ಇಳಿಜಾರಿನ ಕೆಳಗೆ ಗೋಡೆಯಿಲ್ಲದ ಸಣ್ಣ ಸೇತುವೆ. ಎಡಗಾಲಿ ಕುಂಟುತ್ತ ತೂಗುತ್ತಿರುವುದು ಇಷ್ಟು ದೂರದಿಂದಲೂ ಅವನಿಗೆ ಕಂಡಿತು.

ಕೂಗಬೇಕೆಂದು ಬಾಯಿ ತೆರೆದ, ಹಾಗೆಯೇ ಮುಚ್ಚಿದ. ಕೂಗಿದರೆ ಬೀರಪ್ಪ ಏನು ಮಾಡುತ್ತಾನೆ? ಲಗಾಮು ಜಗ್ಗುತ್ತಾನೆ, ಟಾಂಗಾವನ್ನು ಎಡಕ್ಕೆ ಹೊರಳಿಸಿ ನಿಲ್ಲಿಸುತ್ತಾನೆ. ಭಾರವೆಲ್ಲ ಆ ಗಾಲಿಯ ಮೇಲೆಯೇ ಬೀಳುತ್ತದೆ. ಮುಗಿಯಿತು. ಎಷ್ಟೋ ತಿಂಗಳ ಮೇಲೆ ಇಮಾಮಹುಸೇನನ ಕಣ್ಣು, ಕಿವಿ, ಕೈ, ಬುದ್ಧಿ ಎಲ್ಲವೂ ಒಂದೇ ಕಡೆ ಬಂದು ಕೂಡಿದ್ದವು. ಏನು ಮಾಡಬೇಕೆಂಬುದು ಅವನಿಗೆ ನಿಚ್ಚಳವಾಗಿ ಕಂಡಿತು.

ಅಂಬಾಬಾಯಿ ಟಾಂಗಾದ ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿ ಎಡಬದಿಗೆ ಕುಳಿತಿದ್ದರು. ಬೆವರಿ ಬೆಂಡಾಗಿ ಬರುತ್ತಿದ್ದ ಅವನನ್ನು ಅವರೇ ಮೊದಲು ಕಂಡರು. ಅವನು ಒಂದು ಕೈ ಬಿಟ್ಟು ಕಡಾಣಿ ಮೇಲೆತ್ತಿ ತೋರಿಸಿದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಬಲಕ್ಕೆ ಸರಿಯಿರಿ ಎಂದು ಸನ್ನೆ ಮಾಡಿದ. ಅವರು ಏನೂ ಕೇಳಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು, ಸದ್ದಿಲ್ಲದೆ ಬಲಬದಿಗೆ ಸರಿದು ಕುಳಿತರು. ಎಡಗಾಲಿಯ ಮೇಲಿನ ಭಾರ ಅಷ್ಟು ಇಳಿಯಿತು.

ಇಮಾಮಹುಸೇನ ಟಾಂಗಾದ ಬದಿಗೆ ಬಂದ. ಗಾಲಿಯ ನಡುವಿನ ಗುಂಬ ಅಚ್ಚಿನ ತುದಿಗೆ ಬಂದು, ಇನ್ನೆರಡು ಬೆರಳಷ್ಟೇ ಹಿಡಿದಿತ್ತು. ಮನೆಯಲ್ಲಿ ಮಲಗಿದ ಕೂಸಿನ ಹತ್ತಿರ ಮಾತಾಡುವಂತೆ ಮೆಲ್ಲಗೆ ಹೇಳಿದ:

"ಬೀರಪ್ಪ, ನನ್ನ ಕಡೆ ನೋಡಬ್ಯಾಡ. ಲಗಾಮ ಜಗ್ಗಬ್ಯಾಡ, ಎಡಕ್ಕ ಹೊಳ್ಳಬ್ಯಾಡ. ನೆಟ್ಟಗ ಹೋಗಕೋತ ಬಾಯಿಮಾತಿಲೆ ಕುದುರಿನ ನಿಲ್ಲಸು. ಎಡಗಾಲಿಗೆ ಕಡಾಣಿ ಇಲ್ಲ."

ಬೀರಪ್ಪನ ಬೆನ್ನು ಬಿಗಿಯಿತು. ಆದರೆ ಕೈ ಅಲುಗಲಿಲ್ಲ. ಹೋ, ಹೋ ಎಂದು ಕುದುರೆಗೆ ಹೇಳತೊಡಗಿದ. ಓಟ ನಡಿಗೆಯಾಯಿತು. ನಡಿಗೆ ತಡೆತಡೆದು ಬಂತು. ಇಳಿಜಾರಿನ ಬಾಯಿಗೆ ಸರಿಯಾಗಿ ಟಾಂಗಾ ನಿಂತಿತು. ನಿಂತೊಡನೆ ಗಾಲಿ ಕಚಕ್ಕನೆ ವಾಲಿತು. ಇಮಾಮಹುಸೇನ ಸೈಕಲ್ಲನ್ನು ಬಿಸಾಕಿ ತನ್ನ ಹೆಗಲನ್ನೇ ಗಾಲಿಗೆ ಆನಿಸಿ ನಿಂತ.

ಅಂಬಾಬಾಯಿ ಇಳಿದರು. ಮುಂದೆ ಕುಳಿತಿದ್ದ ಮುರುಗೆಪ್ಪನೂ ಬೀರಪ್ಪನೂ ಅಚ್ಚನ್ನು ಎತ್ತಿ ಹಿಡಿದರು. ಇಮಾಮಹುಸೇನ ಗಾಲಿಯನ್ನು ಒಳಗೆ ದೂಡಿದ, ಕಡಾಣಿ ಕೂಡಿಸಿದ, ಕಲ್ಲು ತೆಗೆದುಕೊಂಡು ಬಡಿದ. ಅದೇ ಹೊತ್ತಿಗೆ ಧಾರವಾಡದ ಮೋಟಾರು ಪೋಂ ಪೋಂ ಎನ್ನುತ್ತ ಬಂದು ಪಕ್ಕದಲ್ಲಿ ನಿಧಾನವಾಯಿತು. ಒಳಗಿನವರು ತಲೆ ಹೊರಹಾಕಿ ಏನಾಯಿತು, ಯಾರು ಎಂದು ಹತ್ತು ಪ್ರಶ್ನೆ ಕೇಳಿದರು. ಅವನು ತಲೆ ಎತ್ತಲಿಲ್ಲ. ಕಡಾಣಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಚೆ ಹೋಗಿ ಬಲಗಾಲಿಯದನ್ನೂ ಮುಟ್ಟಿ ನೋಡಿದ. ಆಮೇಲೆಯೇ ಬೀರಪ್ಪನ ಮುಖ ನೋಡಿ ಹೇಳಿದ.

"ಎರಡೂ ಕುಂತಾವ. ಈಗ ಹೋಗು."

ಅಂಬಾಬಾಯಿ ಬೈಯಲಿಲ್ಲ. ಬೈಯುವಷ್ಟು ಹೊತ್ತು ಅವರಿಗಿರಲಿಲ್ಲ. ಟಾಂಗಾ ಇಳಿಜಾರು ಇಳಿದು, ಸೇತುವೆ ದಾಟಿ ರಾಯಾಪುರದ ಕಡೆ ಓಡಿತು. ಇಮಾಮಹುಸೇನನಿಗೆ ಹಿಂದಿರುಗಲು ಮನಸ್ಸಾಗಲಿಲ್ಲ. ಸೈಕಲ್ ಎತ್ತಿಕೊಂಡು ಅದರ ಹಿಂದೆಯೇ ಸತ್ತೂರಿನವರೆಗೂ ಹೋದ.

ಮುರುಗೆಪ್ಪನ ಮನೆಯ ಕಟ್ಟೆಯ ಮೇಲೆ ಅವನು ಕುಳಿತ. ಒಳಗೆ ನೆರೆಹೊರೆಯ ಹೆಂಗಸರೆಲ್ಲ ಕೂಡಿ ತಲೆಗೊಂದು ಮಾತು ನಡೆದಿತ್ತು. ಅಂಬಾಬಾಯಿಯ ದನಿ ಕೇಳಿತು. ಒಬ್ಬರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಹೊರಗೆ ಕಳಿಸಿದರು. ಗೌರಕ್ಕನಿಗೆ, ಬೇರೆ ಯಾರ ಮಾತನ್ನೂ ಕೇಳಬೇಡ, ನನ್ನ ದನಿಯೊಂದನ್ನೇ ಕೇಳು ಎಂದರು. ಆಮೇಲೆ ಒಳಗೆಲ್ಲ ಮೌನ. ನಡುನಡುವೆ ಅವರ ಸಣ್ಣ ಸಣ್ಣ ಮಾತು. ಮುರುಗೆಪ್ಪ ಅಂಗಳದಲ್ಲಿ ಅಡ್ಡಾಡಿದ. ಬೀರಪ್ಪ ಕುದುರೆಯ ಮೈ ತಿಕ್ಕುತ್ತಲೇ ಇದ್ದ. ಹೊತ್ತು ನೆತ್ತಿಯ ಮೇಲೆ ಬಂತು.

ಒಮ್ಮೆಲೇ ಒಳಗಿನಿಂದ ಕೂಸಿನ ಅಳು ಚೀರಿ ಬಂತು. ಹೆಣ್ಣುಕೂಸು. ತಾಯಿ, ಮಗಳು ಇಬ್ಬರೂ ಗಟ್ಟಿ. ಮುರುಗೆಪ್ಪ ಇಮಾಮಹುಸೇನನನ್ನು ತಬ್ಬಿಕೊಂಡ, ಬೀರಪ್ಪನನ್ನು ತಬ್ಬಿಕೊಂಡ, ಕಡೆಗೆ ಕುದುರೆಯ ಕೊರಳನ್ನೂ ತಬ್ಬಿಕೊಂಡ. ಮನೆಯವರು ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಇಮಾಮಹುಸೇನ ಸಕ್ಕರೆ ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟ.

ಅಂಬಾಬಾಯಿ ಕೈ ತೊಳೆದುಕೊಂಡು ಬಂದು ಅವನ ಪಕ್ಕದಲ್ಲೇ ಕುಳಿತರು. ಅವನು ತನ್ನ ತಪ್ಪನ್ನೆಲ್ಲ ಹೇಳಿದ. ಇನ್ನು ಸಾಯುವತನಕ ರೇಡಿಯೋದ ಮುಖ ನೋಡುವುದಿಲ್ಲ ಎಂದು ಆಣೆ ಮಾಡಹೊರಟ. ಅವರು ತಡೆದರು.

"ಆಣಿ ಬ್ಯಾಡ. ಸುದ್ದಿ ಕೇಳೂದು ತಪ್ಪಲ್ಲ, ನಾನೂ ಕೇಳತೇನಿ. ಆದ್ರ ಅದಕ್ಕೊಂದು ಹೊತ್ತು ಗೊತ್ತು ಮಾಡು. ಕೆಲಸದ ಹೊತ್ತನ್ಯಾಗ ಅದು ಕರದ್ರ ಹೋಗಬ್ಯಾಡ. ನೀ ಕರದಾಗ ಅದು ಬರಲಿ."

ಮತ್ತೆ ತಮ್ಮ ಮಾತು ಹೇಳಿದರು. ಹೊಸದಾಗಿ ನರ್ಸ್ ಆದಾಗ ಔಷಧದ ಹನಿ ಎಣಿಸುವಾಗ ಯಾರೋ ಕರೆದರಂತೆ. ಓ ಎಂದರಂತೆ. ಮರಳಿ ನೋಡಿದರೆ ಎಷ್ಟು ಹನಿ ಬಿದ್ದಿತ್ತೋ ತಿಳಿಯಲಿಲ್ಲ. ಇಡೀ ಬಟ್ಟಲು ಚೆಲ್ಲಿ ಮೊದಲಿನಿಂದ ಎಣಿಸಿದರಂತೆ. ಅಂದಿನಿಂದ, ಜೀವಕ್ಕೆ ಸಂಬಂಧಪಟ್ಟ ಕೆಲಸ ಕೈಯಲ್ಲಿದ್ದರೆ ಯಾರು ಕರೆದರೂ ಓಗೊಡುವುದಿಲ್ಲ. ಮುಗಿಸುತ್ತಾರೆ, ಮುಟ್ಟಿ ನೋಡುತ್ತಾರೆ, ಮುಗಿಯಿತು ಎಂದು ಬಾಯಿಬಿಟ್ಟು ಹೇಳುತ್ತಾರೆ. ನಡುವೆ ಎದ್ದು ಹೋಗಲೇಬೇಕಾದರೆ ಎಲ್ಲಿಗೆ ಬಿಟ್ಟೆ ಎಂಬುದಕ್ಕೆ ಒಂದು ಗುರುತು ಇಟ್ಟು ಹೋಗುತ್ತಾರೆ.

ಬೀರಪ್ಪ ತಾನಾಗಿಯೇ ಹತ್ತಿರ ಬಂದು, ತನ್ನದೂ ತಪ್ಪಿದೆ ಎಂದ. ದೂರದಿಂದ ಕೂಗಿ ಕೇಳಿ, ಬೀಸಿದ ಕೈಯನ್ನೇ ಉತ್ತರವೆಂದು ತಿಳಿದು ಹೊರಟುಬಿಟ್ಟಿದ್ದ. ಮುಖ ನೋಡಿ ಕೇಳಬೇಕಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಮಾಮಹುಸೇನ ಮನೆಗೆ ಬಂದ. ರಾಜಬಿ ಮುಂಜಾನೆಯಿಂದ ಬಾಗಿಲು ಬಿಟ್ಟು ಕದಲಿರಲಿಲ್ಲ. ಎಲ್ಲ ಕೇಳಿ, ಅಲ್ಲಾನ ದಯೆ ಎಂದಳು. ಆಮೇಲೆ, ಈ ಬುದ್ಧಿ ಎಷ್ಟು ದಿನ ನಿಲ್ಲುತ್ತದೆ ನೋಡೋಣ ಎಂದಳು. ಅವಳ ಸಂಶಯ ಸುಳ್ಳಲ್ಲ. ಮರುದಿನವೇ ಆಚೆ ಗದ್ದಲ ಎದ್ದಾಗ ಇಮಾಮಹುಸೇನನ ಕಾಲು ತಾನಾಗಿ ಎದ್ದು ನಿಂತಿತು. ಕೈಯಲ್ಲಿ ಗಾಲಿ ಇತ್ತು. ಅವನು ಮತ್ತೆ ಕುಳಿತ. ಎದೆ ಡವಗುಟ್ಟಿದರೂ ಕುಳಿತೇ ಇದ್ದ. ಒಂದು ವಾರ ಹೀಗೆ ಜಗ್ಗಾಟ ನಡೆಯಿತು. ಆಮೇಲೆ ಗದ್ದಲ ಕೇಳಿಸುವುದೇ ಕಡಿಮೆಯಾಯಿತು. ಮುಂಚೆ ದಿನವಿಡೀ ಎಳೆಯುತ್ತಿದ್ದ ಕೆಲಸ ಮೂರನೆಯ ಪ್ರಹರಕ್ಕೇ ಮುಗಿಯತೊಡಗಿತು. ಸಂಜೆ ಕೈಕಾಲು ತೊಳೆದುಕೊಂಡು, ಮಕ್ಕಳನ್ನೂ ರಾಜಬಿಯನ್ನೂ ಕರೆದುಕೊಂಡು ಸುದ್ದಿ ಕೇಳಲು ಹೋಗುತ್ತಿದ್ದ. ಆಗ ಊರಿನ ಹೆಸರೂ ನೆನಪಿನಲ್ಲಿ ಉಳಿಯುತ್ತಿತ್ತು, ಯುದ್ಧ ಎತ್ತ ಹೊರಟಿದೆ ಎಂಬುದೂ ತಿಳಿಯುತ್ತಿತ್ತು. ಬುದ್ಧಿ ನಿಂತಿತೆಂದು ರಾಜಬಿ ಒಪ್ಪಿದಳು. ಇದನ್ನು ನೋಡಿ ಸಿದ್ದಪ್ಪನೂ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಎಂದು ಪೆಟ್ಟಿಗೆಗೆ ಹೊತ್ತು ಗೊತ್ತು ಮಾಡಿದ. ಹೊಸೂರ ರಸ್ತೆಯಲ್ಲಿ ಕ್ಷೌರಿಕನ ಗಿರಾಕಿಗಳ ಮುಖ ಪೂರ್ತಿ ನುಣ್ಣಗಾದವು.

ಅವ್ವಂದಿರೇ, ಅಣ್ಣಂದಿರೇ, ಅಕ್ಕತಂಗಿಯರೇ! ಲಕ್ಷ್ಯವೆಂಬುದು ಪ್ರತಿಯೊಬ್ಬರಿಗೂ ಒಂದೇ ಇದೆ. ಅದನ್ನು ಯಾರು ಬೇಕಾದರೂ ಕೂಗಿ ಕರೆದೊಯ್ಯಲು ಬಿಡಬೇಡಿ. ಸುದ್ದಿ, ಹರಟೆ, ಹಾಡು ಎಲ್ಲವೂ ಇರಲಿ, ಅವಕ್ಕೆ ನೀವೇ ಹೊತ್ತು ಗೊತ್ತು ಮಾಡಿ. ಕತ್ತಿ, ಬೆಂಕಿ, ಯಂತ್ರ, ಔಷಧ, ಕೂಸು ಇವು ಕೈಯಲ್ಲಿದ್ದಾಗ ಬೇರೆ ಯಾವುದಕ್ಕೂ ಓಗೊಡಬೇಡಿ. ಅಂಥ ಕೆಲಸದಲ್ಲಿ ಇರುವವರನ್ನು ನೀವೂ ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಮುಖ ನೋಡಿ ಮಾತಾಡಿ. ಕೆಲಸ ಮುಗಿದ ಮೇಲೆ ಒಮ್ಮೆ ಮುಟ್ಟಿ ನೋಡಿ. ಇಂದಿನಿಂದಲೇ ಒಂದು ಕೆಲಸ ಆರಿಸಿಕೊಂಡು ಹೀಗೆ ಮಾಡಿ ನೋಡಿ.

ಇದನ್ನು ಓದುವಾಗಲೋ ಕೇಳುವಾಗಲೋ ನಿಮ್ಮ ಒಲೆಯ ಮೇಲೆ ಹಾಲು ಇದ್ದರೆ, ಈ ಕಾಗದವನ್ನು ಕೆಳಗಿಟ್ಟು ಮೊದಲು ಅದನ್ನು ಇಳಿಸಿ ಬನ್ನಿ.